‘ಮೇಲ್ ಹೋಗ್ತಾ ಇದೆಯಲ್ಲ, ಅಪ್‌ಡೇಟ್ ಯಾಕೆ?’: ಕಣ್ಣಿಗೆ ಕಾಣದ ಒಂದು ದೋಷ ಮತ್ತು ಅದನ್ನು ಹಿಡಿಯುವ ಬಗೆ

‘ಓಪನ್ ಸೋರ್ಸ್ ಇಮೇಲ್ ಆ್ಯಪ್ ಬಳಸಬೇಡಿ! ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ಬದಲಾಯಿಸಬಹುದು. ನಿಮ್ಮ ಮೇಲ್‌ಗಳೆಲ್ಲ ಹ್ಯಾಕರ್‌ಗಳ ಪಾಲು!’ ಇಂಥ ಧಾಟಿಯ ಸಂದೇಶ ವಾಟ್ಸ್ಆ್ಯಪ್ ಗುಂಪಿಗೆ ಬಂದು ಬಿತ್ತು ಅಂದುಕೊಳ್ಳಿ. ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ಬಲ್ಲವರೊಬ್ಬರು ಉತ್ತರಿಸುತ್ತಾರೆ: ‘ಇದು ಸುಳ್ಳು. ಸಾವಿರಾರು ಜನ ಆ ಕೋಡ್ ನೋಡುತ್ತಿರುತ್ತಾರೆ, ಅದರಲ್ಲಿ ತಪ್ಪು ಉಳಿಯಲು ಸಾಧ್ಯವೇ ಇಲ್ಲ.’ ಅದಕ್ಕೆ ಮೂರನೆಯವರು ಸೇರಿಸುತ್ತಾರೆ: ‘ಅಪ್‌ಡೇಟ್ ಅನ್ನೋದೇ ಕಂಪನಿಗಳ ಆಟ. ನಾನು ಮೂರು ವರ್ಷದಿಂದ ಅಪ್‌ಡೇಟ್ ಹಾಕಿಲ್ಲ, ಮೇಲ್ ಚೆನ್ನಾಗೇ ಹೋಗ್ತಿದೆ.’

ಚುಟುಕಾಗಿ ಹೇಳುವುದಾದರೆ, ಮೊದಲನೆಯ ಮಾತು ತಪ್ಪು, ಎರಡನೆಯದು ಅರ್ಧ ಸರಿ, ಮೂರನೆಯದು ಈ ಮೂರರಲ್ಲಿ ಹೆಚ್ಚು ಅಪಾಯಕಾರಿ. ಯಾಕೆಂದರೆ ಕೆಲವು ದೋಷಗಳಿದ್ದಾಗಲೂ ಮೇಲ್ ಚೆನ್ನಾಗೇ ಹೋಗುತ್ತದೆ, ಚೆನ್ನಾಗೇ ಬರುತ್ತದೆ. ಪರದೆಯ ಮೇಲೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಹಾಳಾಗಿರುವುದು ಒಳಗಿನ ಬೀಗ ಮಾತ್ರ. ನಿಜವಾಗಿ ನಡೆದ ಎರಡು ಪ್ರಕರಣಗಳನ್ನು ನೋಡಿದರೆ ಇದು ಹೇಗೆ ಸಾಧ್ಯ ಎಂಬುದು ಅರ್ಥವಾಗುತ್ತದೆ.

ಲೈಬ್ರರಿ ಅಂದರೆ ಪುಸ್ತಕದ ಮನೆಯಲ್ಲ

ಮದುವೆ ಮನೆಯ ಅಡುಗೆ ಭಟ್ಟರು ಮೆಣಸಿನಪುಡಿಯನ್ನು ಅಲ್ಲೇ ಕುಟ್ಟುತ್ತಾ ಕೂರುವುದಿಲ್ಲ, ಸಿದ್ಧಪುಡಿ ತರಿಸುತ್ತಾರೆ. ಸಾಫ್ಟ್‌ವೇರ್ ಬರೆಯುವವರೂ ಹಾಗೆಯೇ. ಇಮೇಲ್ ಆ್ಯಪ್ ಮಾಡುವ ತಂಡ ಗೂಢಲಿಪಿಯ ಗಣಿತವನ್ನು ತಾನೇ ಬರೆಯುವುದಿಲ್ಲ. ಬೇರೆಯವರು ಬರೆದು, ನೂರಾರು ಕಡೆ ಬಳಕೆಯಲ್ಲಿರುವ ಸಿದ್ಧ ಕೋಡನ್ನು ಜೋಡಿಸಿಕೊಳ್ಳುತ್ತದೆ. ಇಂಥ ಸಿದ್ಧ ಕೋಡಿನ ಕಟ್ಟಿಗೆ ‘ಲೈಬ್ರರಿ’ ಎಂದು ಹೆಸರು. ಓಪನ್‌ಎಸ್‌ಎಸ್‌ಎಲ್, ಗ್ನೂಟಿಎಲ್‌ಎಸ್, ಲಿಬ್‌ಜಿಕ್ರಿಪ್ಟ್ ಇವು ಇಮೇಲ್ ಲೋಕದಲ್ಲಿ ಹೆಚ್ಚು ಬಳಕೆಯಾಗುವ ಮೂರು ಲೈಬ್ರರಿಗಳು. ಮೂರೂ ಓಪನ್ ಸೋರ್ಸ್.

ಈ ಲೈಬ್ರರಿಗಳನ್ನು ಬಳಸುವ ಮುನ್ನ ಒಂದು ಸಿದ್ಧತೆ ನಡೆಯಬೇಕು. ಕೆಲವು ಪಟ್ಟಿಗಳನ್ನು ತುಂಬಿಸಬೇಕು, ಕೆಲವು ಬೀಗಗಳನ್ನು ಹಾಕಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಯಾರ ಊಹೆಗೂ ಸಿಗದ ಸಂಖ್ಯೆಗಳನ್ನು ಕೊಡುವ ಯಂತ್ರಕ್ಕೆ ಬೀಜ ಹಾಕಬೇಕು. ಇದಕ್ಕೆ ಇನಿಶಿಯಲೈಸೇಶನ್ ಎನ್ನುತ್ತಾರೆ. ನಾವು ಇಲ್ಲಿ ‘ಆರಂಭದ ಸಿದ್ಧತೆ’ ಎನ್ನೋಣ.

ಇಮೇಲಿಗೂ ಊಹೆಗೆ ಸಿಗದ ಸಂಖ್ಯೆಗೂ ಏನು ಸಂಬಂಧ? ಬಹಳ ಇದೆ. ನಿಮ್ಮ ಫೋನು ಮೇಲ್ ಸರ್ವರ್ ಜೊತೆ ಗುಟ್ಟಾಗಿ ಮಾತಾಡಲು ಪ್ರತಿ ಸಲವೂ ಹೊಸ ಕೀಲಿ ಬೇಕು. ಪಿಜಿಪಿ ಬಳಸಿ ಮೇಲನ್ನು ಗೂಢಲಿಪಿಗೆ ಹಾಕುವವರಿಗೆ ಪ್ರತಿ ಪತ್ರಕ್ಕೂ ಒಂದು ಬಿಡಿ ಕೀಲಿ ಬೇಕು. ಸರ್ವರ್ ತನ್ನ ಗುರುತನ್ನು ಸಾಬೀತು ಮಾಡಲು ವರ್ಷಗಟ್ಟಲೆ ಬಾಳುವ ದೊಡ್ಡ ಕೀಲಿ ಬೇಕು. ಈ ಎಲ್ಲ ಕೀಲಿಗಳೂ ಹುಟ್ಟುವುದು ಆ ಯಂತ್ರ ಕೊಟ್ಟ ಸಂಖ್ಯೆಗಳಿಂದಲೇ.

ಇಸ್ಪೀಟು ಆಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಸ ಪ್ಯಾಕ್ ಒಡೆದಾಗ ಎಲೆಗಳು ಕ್ರಮವಾಗಿ ಜೋಡಿಸಿರುತ್ತವೆ. ಕಲಸಿ ಹಂಚಿದರೆ ಮಾತ್ರ ಆಟ. ಕಲಸದೆ ಹಂಚಿದರೂ ಎಲ್ಲರ ಕೈಗೂ ಎಲೆ ಬರುತ್ತದೆ, ಆಟ ನಡೆಯುತ್ತದೆ. ಆದರೆ ಪ್ಯಾಕಿನ ಕ್ರಮ ಗೊತ್ತಿದ್ದವನು ನಿಮ್ಮ ಕೈಯಲ್ಲಿ ಯಾವ ಎಲೆ ಇದೆ ಎಂದು ಕೂತಲ್ಲೇ ಹೇಳಬಲ್ಲ. ಆರಂಭದ ಸಿದ್ಧತೆ ಅಂದರೆ ಆ ಕಲಸುವ ಕೆಲಸ. ಅದು ಆಗಿಲ್ಲವೆಂದು ಆಡುವವನಿಗೆ ಗೊತ್ತಾಗುವುದಿಲ್ಲ, ಕದ್ದು ನೋಡುವವನಿಗೆ ಗೊತ್ತಾಗುತ್ತದೆ.

ಎರಡು ಸಾಲು ತೆಗೆದದ್ದಕ್ಕೆ 20 ತಿಂಗಳ ಕತ್ತಲೆ

ಡೆಬಿಯನ್ ಎಂಬುದು ಲಿನಕ್ಸ್‌ನ ಒಂದು ಪ್ರಸಿದ್ಧ ಆವೃತ್ತಿ. ಉಬುಂಟು ಹುಟ್ಟಿದ್ದು ಇದರಿಂದಲೇ. ಮೇಲ್ ಸರ್ವರ್, ವೆಬ್ ಸರ್ವರ್ ನಡೆಸುವವರಿಗೆ ಇದು ಬಲು ಅಚ್ಚುಮೆಚ್ಚು.

2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನ ಹೊಣೆ ಹೊತ್ತಿದ್ದವರಿಗೆ ಒಂದು ಕಿರಿಕಿರಿ ಎದುರಾಗಿತ್ತು. ವಾಲ್‌ಗ್ರಿಂಡ್ ಎಂಬ ತಪಾಸಣಾ ಸಾಧನವೊಂದಿದೆ. ಸಿದ್ಧಪಡಿಸದ ಮೆಮೊರಿಯನ್ನು ಯಾವುದಾದರೂ ಪ್ರೋಗ್ರಾಂ ಓದಿದರೆ ಅದು ಎಚ್ಚರಿಕೆ ಕೊಡುತ್ತದೆ. ಓಪನ್‌ಎಸ್‌ಎಸ್‌ಎಲ್ ಬಳಸುವ ಪ್ರೋಗ್ರಾಂಗಳನ್ನು ಪರೀಕ್ಷಿಸುವಾಗಲೆಲ್ಲ ಈ ಎಚ್ಚರಿಕೆಗಳು ರಾಶಿ ರಾಶಿ ಬರುತ್ತಿದ್ದವು. ಹುಡುಕಿದಾಗ ಅವು ಎರಡು ಸಾಲುಗಳಿಗೆ ಸಂಬಂಧಿಸಿದ್ದು ಎಂದು ಗೊತ್ತಾಯಿತು. ಎರಡು ಬೇರೆ ಬೇರೆ ಜಾಗದಲ್ಲಿದ್ದ, ನೋಡಲು ಒಂದೇ ಥರ ಇದ್ದ ಎರಡು ಸಾಲುಗಳು. ಓಪನ್‌ಎಸ್‌ಎಸ್‌ಎಲ್ ತಂಡದವರನ್ನೂ ಈ ಬಗ್ಗೆ ಕೇಳಿದರು. ದೋಷ ಹುಡುಕಲು ಅನುಕೂಲವಾಗುವುದಾದರೆ ತೆಗೆಯಬಹುದು ಎಂಬರ್ಥದ ಉತ್ತರ ಬಂತು. ಎರಡೂ ಸಾಲು ತೆಗೆದರು. ಎಚ್ಚರಿಕೆಗಳು ನಿಂತವು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬದಲಾದ ಆವೃತ್ತಿ ಡೆಬಿಯನ್ ಸೇರಿತು.

ಎರಡರಲ್ಲಿ ಒಂದು ಸಾಲು ತೆಗೆದದ್ದರಿಂದ ತೊಂದರೆ ಏನೂ ಇರಲಿಲ್ಲ. ಅದು ಸಂಖ್ಯೆ ಹೊರಕೊಡುವಾಗ ಸಿಕ್ಕ ಚೂರುಪಾರನ್ನೂ ಮಿಶ್ರಣಕ್ಕೆ ಸೇರಿಸುತ್ತಿದ್ದ ಸಾಲು, ಇದ್ದರೂ ಸೈ, ಇಲ್ಲದಿದ್ದರೂ ಸೈ. ಇನ್ನೊಂದು ಸಾಲು ಮಾತ್ರ ಇಡೀ ಯಂತ್ರದ ಜೀವ. ಹೊರಗಿನಿಂದ ಬಂದ ಬೀಜವನ್ನು ಒಳಗಿನ ರಾಶಿಗೆ ಬೆರೆಸುತ್ತಿದ್ದದ್ದು ಅದೇ. ಅದು ಹೋದ ಮೇಲೆ ಕಲಸುವ ಕೈಯನ್ನೇ ಕಟ್ಟಿಹಾಕಿದಂತಾಯಿತು. ಎಷ್ಟೇ ಒಳ್ಳೆಯ ಬೀಜ ಕೊಟ್ಟರೂ ಅದು ಒಳಗೆ ಹೋಗುತ್ತಲೇ ಇರಲಿಲ್ಲ.

ಮಿಶ್ರಣಕ್ಕೆ ಉಳಿದ ಬದಲಾಗುವ ಅಂಶ ಒಂದೇ: ಪ್ರೋಸೆಸ್ ಐಡಿ. ಕಂಪ್ಯೂಟರ್‌ನಲ್ಲಿ ಓಡುವ ಪ್ರತಿ ಪ್ರೋಗ್ರಾಂಗೂ ಲಿನಕ್ಸ್ ಕೊಡುವ ಕ್ರಮಸಂಖ್ಯೆ ಅದು, ಬ್ಯಾಂಕಿನ ಟೋಕನ್ ನಂಬರಿನ ಹಾಗೆ. ಆಗಿನ ಸಾಮಾನ್ಯ ವ್ಯವಸ್ಥೆಯಲ್ಲಿ ಅದರ ಗರಿಷ್ಠ ಮಿತಿ 32,768. ಅಂದರೆ ಒಂದು ಬಗೆಯ ಕಂಪ್ಯೂಟರ್‌ನಲ್ಲಿ, ಒಂದು ಅಳತೆಯ ಕೀಲಿಗೆ, ಹೆಚ್ಚೆಂದರೆ ಅಷ್ಟೇ ಸಾಧ್ಯತೆಗಳು.

ಇದು ಎಷ್ಟು ಕಡಿಮೆ ಎಂದು ತಿಳಿಯಲು ಒಂದು ಹೋಲಿಕೆ. 2048 ಬಿಟ್‌ನ ಆರ್‌ಎಸ್‌ಎ ಕೀಲಿಯನ್ನು ದಶಮಾನದಲ್ಲಿ ಬರೆದರೆ 617 ಅಂಕಿಗಳ ಸಂಖ್ಯೆ. ಅದನ್ನು ಊಹಿಸಿ ಹಿಡಿಯುವುದು ಆಗದ ಮಾತು. ಆದರೆ ಒಟ್ಟು 32,768 ಕೀಲಿಗಳೇ ಇರುವಾಗ, ಸೆಕೆಂಡಿಗೆ ಒಂದರಂತೆ ಪ್ರಯತ್ನಿಸಿದರೂ ಎಲ್ಲವನ್ನೂ ನೋಡಿ ಮುಗಿಸಲು ಒಂಬತ್ತು ಗಂಟೆ ಸಾಕು. ಬೆಳಗ್ಗೆ ಕೂತವನು ಸಂಜೆಗೆ ಎದ್ದಾನು.

ಗಮನಿಸಬೇಕಾದ್ದು ಇನ್ನೊಂದಿದೆ. ‘ಸಿದ್ಧಪಡಿಸದ ಮೆಮೊರಿ’ ಎಂಬ ಎಚ್ಚರಿಕೆಯನ್ನು ಸರಿಮಾಡಲು ಹೋಗಿ ಹುಟ್ಟಿದ್ದು ಲೈಬ್ರರಿಯೇ ಸಿದ್ಧವಾಗದ ದೋಷ. ಬದಲಾಯಿಸಿದವರು ಸೋಮಾರಿಗಳಲ್ಲ, ಕದ್ದುಮುಚ್ಚಿ ಮಾಡಿದವರೂ ಅಲ್ಲ. ಸಾಧನ ಬಳಸಿದರು, ಕೇಳಿದರು, ಎಲ್ಲರಿಗೂ ಕಾಣುವ ಜಾಗದಲ್ಲಿ ಬದಲಾಯಿಸಿದರು. ಆದರೂ ಸುಮಾರು 20 ತಿಂಗಳು ಅದು ಯಾರ ಕಣ್ಣಿಗೂ ಬೀಳಲಿಲ್ಲ. ‘ಸಾವಿರ ಕಣ್ಣು’ ಎನ್ನುವವರು ಇದನ್ನು ನೆನಪಿಡಬೇಕು. ಕೋಡ್ ತೆರೆದಿರುವುದು ಒಂದು ವಿಷಯ, ಆ ಸಾಲನ್ನು ಯಾರಾದರೂ ಕೂತು ಓದುವುದು ಬೇರೆಯೇ ವಿಷಯ.

ಕೊನೆಗೆ ಪತ್ತೆ ಹಚ್ಚಿದವರು ಡೆಬಿಯನ್‌ನದೇ ಡೆವಲಪರ್, ಅರ್ಜೆಂಟೀನಾದ ಲೂಸಿಯಾನೊ ಬೆಲ್ಲೊ. 2008ರ ಮೇ 13ರಂದು ಡೆಬಿಯನ್ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು.

ಸಾಲು ವಾಪಸ್ ಬಂತು, ಕೀಲಿ ವಾಪಸ್ ಬರಲಿಲ್ಲ

ಕೋಡ್ ಸರಿಪಡಿಸುವುದು ಎಷ್ಟು ಹೊತ್ತಿನ ಕೆಲಸ? ತೆಗೆದ ಸಾಲನ್ನು ಮತ್ತೆ ಹಾಕುವುದಷ್ಟೇ. ಕಷ್ಟ ಇದ್ದದ್ದು ಅಲ್ಲಲ್ಲ. ಈ 20 ತಿಂಗಳಲ್ಲಿ ಆ ಲೈಬ್ರರಿಯಿಂದ ಹುಟ್ಟಿದ ಕೀಲಿಗಳು ಲೋಕದ ತುಂಬ ಹರಡಿದ್ದವು. ಕೀಲಿ ಮಾಡುವ ಯಂತ್ರ ರಿಪೇರಿಯಾದ ಮಾತ್ರಕ್ಕೆ ಮನೆಗೆ ಹಾಕಿದ ಹಳೆಯ ಬೀಗ ಗಟ್ಟಿಯಾಗುವುದಿಲ್ಲವಲ್ಲ.

ಹಾಗಾಗಿ ಡೆಬಿಯನ್ ಹೇಳಿದ್ದು: ಅಪ್‌ಡೇಟ್ ಮಾಡಿ, ಆಮೇಲೆ ಕೀಲಿಗಳನ್ನು ಹೊಸದಾಗಿ ಮಾಡಿಕೊಳ್ಳಿ. ಬರೀ ಹೇಳಿ ಬಿಡಲಿಲ್ಲ. ಒಡೆದ ಕೀಲಿಗಳು ಎಷ್ಟಿರಬಹುದು ಎಂಬುದು ಗೊತ್ತಿದ್ದರಿಂದ ಅವುಗಳ ಪಟ್ಟಿಯನ್ನೇ ತಯಾರಿಸಿ, ನಿಮ್ಮ ಕೀಲಿ ಅದರಲ್ಲಿದೆಯೇ ಎಂದು ನೋಡುವ ಸಾಧನವನ್ನೂ ಕೊಟ್ಟರು. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಪ್ಯಾಕೇಜು ಅಂಥ ಕಪ್ಪುಪಟ್ಟಿಯ ಕೀಲಿಗಳನ್ನು ತಾನೇ ತಿರಸ್ಕರಿಸುವಂತೆ ಬದಲಾಯಿತು.

ಇಮೇಲಿನ ಮಟ್ಟಿಗೆ ಏನಾಯಿತು? ಡೆಬಿಯನ್ ಅಥವಾ ಉಬುಂಟು ಮೇಲೆ ನಡೆಯುತ್ತಿದ್ದ ಮೇಲ್ ಸರ್ವರ್‌ನ ಸರ್ಟಿಫಿಕೇಟು ಆ ಅವಧಿಯಲ್ಲಿ ತಯಾರಾಗಿದ್ದರೆ, ನಡುವೆ ಕೂತು ಸಂಚಾರವನ್ನು ದಾಖಲಿಸಿಟ್ಟವನಿಗೆ ಅದನ್ನು ಬಿಡಿಸಿ ಓದುವ ದಾರಿ ಸಿಗುತ್ತಿತ್ತು. ಬಳಕೆದಾರರಿಗೆ ಇದರ ಸುಳಿವೂ ಇರುತ್ತಿರಲಿಲ್ಲ. ಬೀಗದ ಚಿಹ್ನೆ ಎಂದಿನಂತೆ ಕಾಣುತ್ತಿತ್ತು. ಸಮಾಧಾನದ ಸಂಗತಿಯೂ ಒಂದಿತ್ತು. ಪಿಜಿಪಿ ಮೇಲ್‌ಗೆ ಬಳಕೆಯಾಗುವ ಗ್ನೂಪಿಜಿ ತನ್ನದೇ ಬೇರೆ ಲೈಬ್ರರಿಯನ್ನು ನಂಬಿಕೊಂಡಿದ್ದರಿಂದ ಅದರಲ್ಲಿ ಮಾಡಿದ ಕೀಲಿಗಳು ಬಚಾವಾದವು. ಗ್ನೂಟಿಎಲ್‌ಎಸ್‌ನಲ್ಲಿ ಮಾಡಿದವೂ ಅಷ್ಟೆ.

ಇದೆಲ್ಲ ಹಳೇ ಕಥೆ ಅನ್ನುವಂತಿಲ್ಲ. 2024ರ ಮೇ ತಿಂಗಳಲ್ಲಿ, ಅಂದರೆ 16 ವರ್ಷಗಳ ನಂತರ, ಜರ್ಮನಿಯ ಪತ್ರಕರ್ತ ಹಾಗೂ ಭದ್ರತಾ ಸಂಶೋಧಕ ಹಾನೋ ಬಾಕ್ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಅವರು ನೋಡಿದ್ದು ಡಿಕಿಮ್ ಕೀಲಿಗಳನ್ನು. ಡಿಕಿಮ್ ಎಂದರೆ ಇಮೇಲಿಗೆ ಕಳುಹಿಸಿದ ಸಂಸ್ಥೆ ಹಾಕುವ ಡಿಜಿಟಲ್ ಮೊಹರು. ‘ಈ ಮೇಲ್ ನಿಜಕ್ಕೂ ಇಂಥ ಡೊಮೇನ್‌ನಿಂದಲೇ ಬಂದಿದೆ’ ಎಂದು ನಿಮ್ಮ ಮೇಲ್ ಸೇವೆ ತೀರ್ಮಾನಿಸುವಾಗ ನೋಡುವ ಗುರುತುಗಳಲ್ಲಿ ಇದು ಮುಖ್ಯವಾದದ್ದು. ಮೊಹರನ್ನು ಪರಿಶೀಲಿಸಲು ಬೇಕಾದ ಅರ್ಧಭಾಗ ಎಲ್ಲರಿಗೂ ಸಿಗುವಂತೆ ಇರುತ್ತದೆ, ಮೊಹರು ಒತ್ತುವ ಅರ್ಧಭಾಗ ಗುಟ್ಟಾಗಿರುತ್ತದೆ. ಸಾರ್ವಜನಿಕ ಭಾಗವನ್ನು 2008ರ ಕಪ್ಪುಪಟ್ಟಿಯ ಜೊತೆ ಹೋಲಿಸಿದಾಗ ನೂರಾರು ಡೊಮೇನ್‌ಗಳು ಇನ್ನೂ ಅದೇ ಒಡೆದ ಕೀಲಿಗಳನ್ನು ಇಟ್ಟುಕೊಂಡಿರುವುದು ಕಂಡುಬಂತು. ಅಂದರೆ ಆ ಡೊಮೇನ್‌ಗಳ ಹೆಸರಿನಲ್ಲಿ ಯಾರು ಬೇಕಾದರೂ ಸಾಚಾ ಮೊಹರಿನ ಸುಳ್ಳು ಮೇಲ್ ಕಳುಹಿಸಬಹುದಿತ್ತು. ‘ನಿಮ್ಮ ಖಾತೆ ಬಂದ್ ಆಗಲಿದೆ, ಈ ಲಿಂಕ್ ಒತ್ತಿ’ ಎಂಬ ಮೇಲ್ ಅಂಥ ಮೊಹರು ಹೊತ್ತು ಬಂದರೆ ಸ್ಪ್ಯಾಮ್ ಫಿಲ್ಟರ್ ಕೂಡ ಅದಕ್ಕೆ ಅರ್ಧ ಬಾಗಿಲು ತೆರೆದಂತೆಯೇ.

ಆಂಡ್ರಾಯ್ಡ್ ಫೋನಿನಲ್ಲೂ ಇದೇ ಬಗೆಯ ದೋಷ

ಎರಡನೆಯ ಪ್ರಕರಣ ನಮ್ಮ ಜೇಬಿಗೆ ಇನ್ನೂ ಹತ್ತಿರ. 2013ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ ಫೋನಿನ ಕೆಲವು ಬಿಟ್‌ಕಾಯಿನ್ ವ್ಯಾಲೆಟ್ ಆ್ಯಪ್‌ಗಳಿಂದ ಹಣ ಕಳುವಾಯಿತು. ಒಂದೇ ಸಂಖ್ಯೆ ಎರಡೆರಡು ಸಲ ಬಳಕೆಯಾದ ಸಹಿಗಳಿಂದ ಗುಟ್ಟಿನ ಕೀಲಿಯನ್ನು ಲೆಕ್ಕಹಾಕಿ ತೆಗೆಯಲು ಸಾಧ್ಯವಾಗಿತ್ತು. ಆಗಸ್ಟ್ 14ರಂದು ಗೂಗಲ್‌ನ ಆಂಡ್ರಾಯ್ಡ್ ಭದ್ರತಾ ತಂಡ ಕಾರಣವನ್ನು ಒಪ್ಪಿಕೊಂಡಿತು: ಒಳಗಿನ ಸಂಖ್ಯೆ ಕೊಡುವ ಯಂತ್ರದ ಆರಂಭದ ಸಿದ್ಧತೆ ಸರಿಯಾಗಿ ಆಗುತ್ತಿಲ್ಲ.

ಆಂಡ್ರಾಯ್ಡ್‌ನಲ್ಲಿ ಆ್ಯಪ್‌ಗಳು ಹುಟ್ಟುವ ರೀತಿ ಸ್ವಲ್ಪ ವಿಚಿತ್ರ. ಪ್ರತಿ ಆ್ಯಪೂ ಸೊನ್ನೆಯಿಂದ ಶುರುವಾಗುವುದಿಲ್ಲ. ಝೈಗೋಟ್ ಎಂಬ ಒಂದು ಸಿದ್ಧ ಪ್ರೋಸೆಸ್ ಕಾದು ಕೂತಿರುತ್ತದೆ. ನೀವು ಐಕಾನ್ ಒತ್ತಿದಾಗ ಅದರ ನಕಲು ತೆಗೆದು ಆ್ಯಪ್ ಮಾಡುತ್ತಾರೆ. ಇದರಿಂದ ಆ್ಯಪ್ ಬೇಗ ತೆರೆಯುತ್ತದೆ. ಆದರೆ ಯಾವುದೇ ಪ್ರೋಗ್ರಾಂ ಹೀಗೆ ನಕಲಾದಾಗ ಅದರ ಒಳಗಿನ ಸಂಖ್ಯೆಯ ಯಂತ್ರವೂ ಅದೇ ಸ್ಥಿತಿಯಲ್ಲಿ ನಕಲಾಗುತ್ತದೆ. ಒಂದೇ ಥರ ಜೋಡಿಸಿದ ಇಸ್ಪೀಟು ಪ್ಯಾಕನ್ನು ಹತ್ತು ಮನೆಗೆ ಹಂಚಿದ ಹಾಗೆ. ಪ್ರತಿ ಮನೆಯವರೂ ತಮ್ಮ ಪ್ಯಾಕನ್ನು ಮತ್ತೊಮ್ಮೆ ಕಲಸಿಕೊಳ್ಳಲೇಬೇಕು.

ಗೂಗಲ್ ಆಗ ಡೆವಲಪರ್‌ಗಳಿಗೆ ಒಂದು ಸಣ್ಣ ಕೋಡ್ ತುಣುಕು ಕೊಟ್ಟಿತು. ಆಂಡ್ರಾಯ್ಡ್‌ನಲ್ಲಿ ಪಿಜಿಪಿ ಮೇಲ್ ಕೀಲಿಗಳನ್ನು ನೋಡಿಕೊಳ್ಳುವ ಓಪನ್ ಸೋರ್ಸ್ ಆ್ಯಪ್ ಓಪನ್‌ಕೀಚೈನ್ ಅದನ್ನು ಸೇರಿಸಿಕೊಂಡಿತು. ಅದರ ಜೊತೆಗೂಡಿ ಕೆಲಸ ಮಾಡುವ ಕೆ-9 ಮೇಲ್ ಆ್ಯಪ್‌ನ ಆರಂಭದ ಕೋಡಿಗೂ ಅದು ಬಂತು. ಕೆ-9 ಮೇಲ್ ಅಂದರೆ 2022ರಲ್ಲಿ ಥಂಡರ್‌ಬರ್ಡ್ ಬಳಗ ಸೇರಿದ, 2024ರ ಕೊನೆಗೆ ಬಂದ ಆಂಡ್ರಾಯ್ಡ್ ಥಂಡರ್‌ಬರ್ಡ್‌ಗೆ ತಳಹದಿಯಾದ ಅದೇ ಆ್ಯಪ್.

ಆ ತುಣುಕು ಸಣ್ಣದಾದರೂ ಅದರ ಬರವಣಿಗೆ ನೋಡುವಂಥದ್ದು. ಮೊದಲ ಷರತ್ತು, ಅದು ಆ್ಯಪ್ ತೆರೆದ ಕೂಡಲೇ, ಗೂಢಲಿಪಿಯ ಬೇರೆ ಯಾವ ಕೆಲಸವೂ ಶುರುವಾಗುವ ಮುನ್ನ ಓಡಬೇಕು. ಆರಂಭದ ಸಿದ್ಧತೆಯಲ್ಲಿ ಸರತಿಯೇ ಎಲ್ಲ. ಎಲೆ ಹಂಚಿದ ಮೇಲೆ ಕಲಸಿ ಏನು ಬಂತು? ಎರಡನೆಯದು, ಅದು ಸಮಯ, ಪ್ರೋಸೆಸ್ ಐಡಿ, ಆ್ಯಪ್‌ನ ಗುರುತು, ಫೋನಿನ ಗುರುತು ಇವನ್ನೆಲ್ಲ ಸೇರಿಸಿ ಒಂದು ಬೀಜ ಹಾಕುತ್ತದೆ. ಅದರ ಮೇಲೆ ಲಿನಕ್ಸ್‌ನ ಸ್ವಂತ ಸಂಖ್ಯಾಮೂಲದಿಂದ 1024 ಬೈಟ್ ತಂದು ಬೆರೆಸುತ್ತದೆ. ಮೂರನೆಯದೇ ನನಗೆ ಬಲು ಇಷ್ಟವಾದದ್ದು: ತಂದಿದ್ದು ನಿಜವಾಗಿ 1024 ಬೈಟೇ ಎಂದು ಎಣಿಸುತ್ತದೆ. ಕಡಿಮೆ ಬಂದಿದ್ದರೆ ‘ಪರವಾಗಿಲ್ಲ’ ಎಂದು ಮುಂದೆ ಹೋಗದೆ ಅಲ್ಲೇ ನಿಲ್ಲುತ್ತದೆ. ಆಮೇಲೆ, ಇನ್ನು ಮುಂದೆ ಆ್ಯಪ್ ಸಂಖ್ಯೆ ಕೇಳಿದರೆ ಹೊಸ ಮೂಲದಿಂದಲೇ ಸಿಗುತ್ತದೆಯೇ ಎಂದು ತಾನೇ ಒಮ್ಮೆ ಕೇಳಿ ನೋಡುತ್ತದೆ. ಹಳೆಯದೇ ಉತ್ತರಿಸಿದರೆ ಮತ್ತೆ ದೋಷ ಸಾರಿ ನಿಲ್ಲುತ್ತದೆ. ಹೀಗೆ ರಿಪೇರಿಯೂ ಅದರ ಪರೀಕ್ಷೆಯೂ ಒಂದೇ ತುಣುಕಿನಲ್ಲಿವೆ, ಪ್ರತಿ ಫೋನಿನಲ್ಲೂ ಪ್ರತಿ ಸಲವೂ ನಡೆಯುತ್ತವೆ. ಆಂಡ್ರಾಯ್ಡ್ 4.4ರಿಂದ ಮುಂದಕ್ಕೆ ಇದರ ಅಗತ್ಯ ಬೀಳಲಿಲ್ಲ.

ಇದನ್ನು ಓದಿ ‘2013ರಲ್ಲಿ ಆಂಡ್ರಾಯ್ಡ್‌ನ ಎಲ್ಲ ಮೇಲ್ ಸೋರಿಕೆ’ ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ಅದು ತಪ್ಪು. ಆಂಡ್ರಾಯ್ಡ್‌ನ ಸಾಮಾನ್ಯ ಸುರಕ್ಷಿತ ಸಂಪರ್ಕದ ದಾರಿಗಳು ತಮ್ಮ ಬೀಜವನ್ನು ಸರಿಯಾಗಿಯೇ ಹಾಕಿಕೊಳ್ಳುತ್ತಿದ್ದವು, ಅವಕ್ಕೆ ಬಾಧೆಯಿಲ್ಲ ಎಂದು ಗೂಗಲ್ ಆಗಲೇ ಹೇಳಿತ್ತು. ತೊಂದರೆ ಇದ್ದದ್ದು ಆ್ಯಪ್ ತಾನೇ ನೇರವಾಗಿ ಕೀಲಿ ಅಥವಾ ಸಹಿ ಹುಟ್ಟಿಸುವ ಕಡೆ.

ಪರೀಕ್ಷೆಯಲ್ಲಿ ಪಾಸಾದದ್ದು ಹೇಗೆ?

‘ಬಿಡುಗಡೆಗೆ ಮುಂಚೆ ಟೆಸ್ಟ್ ಮಾಡುವುದಿಲ್ಲವೇ?’ ಎಂಬ ಪ್ರಶ್ನೆ ಸಹಜ. ಮಾಡುತ್ತಾರೆ. ಆದರೆ ಯಾವುದನ್ನು?

ಇಮೇಲ್ ಸಾಫ್ಟ್‌ವೇರಿನ ಸಾಮಾನ್ಯ ಪರೀಕ್ಷೆ ಹೀಗಿರುತ್ತದೆ: ಒಂದು ಮೇಲ್ ಕಳುಹಿಸು, ಬಂತೇ ನೋಡು. ಗೂಢಲಿಪಿಗೆ ಹಾಕು, ಬಿಡಿಸು, ಮೊದಲಿನ ಅಕ್ಷರಗಳೇ ಬಂದವೇ ನೋಡು. ಬೀಜ ಹಾಕದ ಲೈಬ್ರರಿ ಇದರಲ್ಲಿ ನೂರಕ್ಕೆ ನೂರು ಅಂಕ ತೆಗೆಯುತ್ತದೆ. ಊಹಿಸಬಹುದಾದ ಕೀಲಿಯಿಂದ ಹಾಕಿದ ಬೀಗವೂ ಅದೇ ಕೀಲಿಯಿಂದ ತೆರೆಯುತ್ತದೆ ತಾನೆ?

ಸರಿ, ಯಂತ್ರ ಕೊಟ್ಟ ಸಂಖ್ಯೆಗಳನ್ನೇ ಅಂಕಿಅಂಶದ ಪರೀಕ್ಷೆಗೆ ಒಡ್ಡಿದರೆ? ಸೊನ್ನೆ ಎಷ್ಟು, ಒಂದು ಎಷ್ಟು, ಮಾದರಿ ಏನಾದರೂ ಕಾಣುತ್ತದೆಯೇ ಎಂದು ನೋಡಿದರೆ? ಅದೂ ಪಾಸಾಗುತ್ತದೆ. ಒಳಗಿನ ಗಣಿತ ಚೆನ್ನಾಗಿ ಅರೆದು ಕೊಡುವುದರಿಂದ ಬೀಜ ಬರೀ ‘4215’ ಆಗಿದ್ದರೂ ಹೊರಗೆ ಬರುವ ಸಂಖ್ಯೆ ಅಸ್ತವ್ಯಸ್ತವಾಗಿಯೇ ಕಾಣುತ್ತದೆ. ಒಂದು ಕೀಲಿಯನ್ನು ಎಷ್ಟು ದಿಟ್ಟಿಸಿದರೂ ಅದು ದುರ್ಬಲ ಎಂದು ತಿಳಿಯುವುದಿಲ್ಲ. ಎರಡನೆಯ ಕೀಲಿಯ ಪಕ್ಕ ಇಟ್ಟು ನೋಡಬೇಕು.

ಆದ್ದರಿಂದ ಇಂಥ ದೋಷಕ್ಕೆ ಬೇಕಾದ ಪರೀಕ್ಷೆ ಬೇರೆ ಜಾತಿಯದು. ಪ್ರೋಗ್ರಾಂ ಅನ್ನು ಪೂರ್ತಿ ಮುಚ್ಚಿ, ಸಾಧ್ಯವಾದಷ್ಟು ಒಂದೇ ಸ್ಥಿತಿಯಿಂದ ಮತ್ತೆ ಮತ್ತೆ ಶುರುಮಾಡಿ, ಪ್ರತಿ ಸಲ ಒಂದು ಕೀಲಿ ಹುಟ್ಟಿಸಿ, ಎಲ್ಲವನ್ನೂ ಹೋಲಿಸಬೇಕು. ಎಲ್ಲಾದರೂ ಎರಡು ಒಂದೇ ಆದರೆ ದೋಷ ಸಿಕ್ಕಿತು. ಈಗ ಬಳಕೆಯಲ್ಲಿರುವ ಕಂಟೇನರ್ ತಂತ್ರಜ್ಞಾನದಲ್ಲಿ ಇದು ಸುಲಭ. ಹೊಸ ಕಂಟೇನರ್ ತೆರೆದಾಗಲೆಲ್ಲ ಅದರೊಳಗಿನ ಮೊದಲ ಪ್ರೋಗ್ರಾಂಗೆ ಪ್ರೋಸೆಸ್ ಐಡಿ 1 ಎಂದೇ ಇರುತ್ತದೆ. 2006ರ ದೋಷ ಇವತ್ತಿನ ಕಂಟೇನರ್‌ನಲ್ಲಿ ಓಡಿದ್ದರೆ ಎರಡನೆಯ ಪ್ರಯತ್ನಕ್ಕೇ ಸಿಕ್ಕಿಬೀಳುತ್ತಿತ್ತು. ಒಂದೇ ಪ್ರೋಗ್ರಾಂನ ಎರಡು ನಕಲು ತೆಗೆದು, ಎರಡರಿಂದಲೂ ಸಂಖ್ಯೆ ಕೇಳುವುದು ಇನ್ನೊಂದು ಪರೀಕ್ಷೆ. ಬೀಜ ಸಿಗುವ ಮೂಲವನ್ನೇ ಬೇಕೆಂದು ಮುಚ್ಚಿ, ಆಗ ಆ್ಯಪ್ ಕೈಚೆಲ್ಲುತ್ತದೆಯೋ ಅಥವಾ ಸದ್ದಿಲ್ಲದೆ ಕಳಪೆ ಕೀಲಿ ಕೊಡುತ್ತದೆಯೋ ಎಂದು ನೋಡುವುದು ಮಗದೊಂದು. ಇಲ್ಲಿ ಕೈಚೆಲ್ಲಿದ ಆ್ಯಪೇ ಪಾಸು.

ಹೀಗೆ ಬರೆದ ಪರೀಕ್ಷೆಯನ್ನು ಮೊದಲು ದೋಷ ಇರುವ ಹಳೆಯ ಆವೃತ್ತಿಯ ಮೇಲೆ ಓಡಿಸಬೇಕು. ಅಲ್ಲಿ ಫೇಲ್ ಆಗಬೇಕು. ಆಮೇಲೆ ಸರಿಪಡಿಸಿದ ಆವೃತ್ತಿಯ ಮೇಲೆ ಪಾಸ್ ಆಗಬೇಕು. ಎರಡರಲ್ಲೂ ಪಾಸಾಗುವ ಪರೀಕ್ಷೆ ಏನನ್ನೂ ಪರೀಕ್ಷಿಸಿಲ್ಲ. ಅನುಭವಿ ತಂಡಗಳು ಆ ಪರೀಕ್ಷೆಯನ್ನು ಕೋಡಿನ ಜೊತೆಗೇ ಇಟ್ಟುಬಿಡುತ್ತವೆ. ನಾಳೆ ಇನ್ಯಾರೋ ‘ಈ ಸಾಲು ಯಾಕೆ, ತೆಗೆಯೋಣ’ ಎಂದು ಕೈಹಾಕಿದ ತಕ್ಷಣ ಅದು ಕೂಗುತ್ತದೆ.

ಇನ್ನೂ ಮೇಲಾದ ಉಪಾಯವೂ ಇದೆ: ಮರೆಯಲು ಅವಕಾಶವನ್ನೇ ಕೊಡದಿರುವುದು. ಹಿಂದೆ ‘ಲೈಬ್ರರಿ ಬಳಸುವ ಮುನ್ನ ಈ ಸಿದ್ಧತೆ ಮಾಡಿ’ ಎಂದು ಕೈಪಿಡಿಯಲ್ಲಿ ಬರೆದು, ಆ್ಯಪ್ ಬರೆಯುವವರ ಮೇಲೆ ಬಿಡುತ್ತಿದ್ದರು. ಕೆಲವರು ಮರೆಯುತ್ತಿದ್ದರು. ಲಿಬ್‌ಜಿಕ್ರಿಪ್ಟ್ ಅಂತೂ ಹಾಗೆ ಮರೆತ ಪ್ರೋಗ್ರಾಂ ಕಂಡಾಗ ‘ಆರಂಭದ ಸಿದ್ಧತೆ ಆಗಿಲ್ಲ, ದಯವಿಟ್ಟು ಅಪ್ಲಿಕೇಶನ್ ಸರಿಪಡಿಸಿ’ ಎಂಬರ್ಥದ ಎಚ್ಚರಿಕೆಯನ್ನು ಲಾಗ್‌ನಲ್ಲಿ ಬರೆಯುತ್ತಿತ್ತು. ಲಾಗ್ ಓದುವವರು ಎಷ್ಟು ಮಂದಿ ಎಂಬುದು ಬೇರೆ ಮಾತು. ಈಗ ಗ್ನೂಟಿಎಲ್‌ಎಸ್ 3.3ರಿಂದ, ಓಪನ್‌ಎಸ್‌ಎಸ್‌ಎಲ್ 2016ರ 1.1.0 ಆವೃತ್ತಿಯಿಂದ ಈ ಸಿದ್ಧತೆಯನ್ನು ತಾವೇ ಮಾಡಿಕೊಳ್ಳುತ್ತವೆ. 2018ರ 1.1.1 ಆವೃತ್ತಿಯಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಸಂಖ್ಯಾಯಂತ್ರವನ್ನೇ ಹೊಸದಾಗಿ ಬರೆದು, ಪ್ರೋಗ್ರಾಂ ನಕಲಾದಾಗ ಬೀಜವನ್ನೂ ಹೊಸದಾಗಿ ಹಾಕಿಕೊಳ್ಳುವಂತೆ ಮಾಡಿದ್ದಾರೆ.

ಹಾಗಾದರೆ ಆ ಮೂರು ಮಾತು?

‘ಯಾರು ಬೇಕಾದರೂ ಬದಲಾಯಿಸಬಹುದು’ ಎಂಬುದು ಅವರವರ ಪ್ರತಿಗೆ ಮಾತ್ರ ನಿಜ. ನಾನು ಥಂಡರ್‌ಬರ್ಡ್‌ನ ಕೋಡನ್ನು ಇಳಿಸಿಕೊಂಡು ಏನು ಬೇಕಾದರೂ ತಿದ್ದಬಹುದು, ಅದು ನಿಮ್ಮ ಫೋನಿಗೆ ಬರುವುದಿಲ್ಲ. ಬರಬೇಕಾದರೆ ತಂಡ ಅದನ್ನು ಒಪ್ಪಬೇಕು, ತನ್ನ ಡಿಜಿಟಲ್ ಸಹಿ ಹಾಕಬೇಕು. ಬೇರೆ ಸಹಿ ಇರುವ ಅಪ್‌ಡೇಟನ್ನು ಆಂಡ್ರಾಯ್ಡ್ ಹಳೆಯ ಆ್ಯಪ್ ಮೇಲೆ ಕೂರಲು ಬಿಡುವುದೇ ಇಲ್ಲ. ಎಪಿಕೆ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಪಡೆದು ಹೊಸದಾಗಿ ಹಾಕಿಕೊಳ್ಳುವವರಿಗೆ ಮಾತ್ರ ಈ ರಕ್ಷಣೆ ಇಲ್ಲ. ಹಾಗೆ ಮಾಡಬೇಡಿ.

‘ತಪ್ಪು ಉಳಿಯಲು ಸಾಧ್ಯವೇ ಇಲ್ಲ’ ಎಂಬುದಕ್ಕೆ ಡೆಬಿಯನ್ ಪ್ರಕರಣವೇ ಉತ್ತರ. ಆದರೆ ಅದೇ ಪ್ರಕರಣದಲ್ಲಿ, ದೋಷ ಬಯಲಾದ ಮೇಲೆ ಯಾವ ಸಾಲು, ಯಾವ ದಿನ, ಯಾಕೆ ಬದಲಾಯಿತು ಎಂಬುದೆಲ್ಲ ಎಲ್ಲರಿಗೂ ಸಿಕ್ಕಿತು. ಹೊರಗಿನವರೂ ಒಡೆದ ಕೀಲಿಗಳ ಪೂರ್ತಿ ಪಟ್ಟಿ ತಯಾರಿಸಬಹುದಿತ್ತು, 16 ವರ್ಷದ ನಂತರವೂ ಒಬ್ಬರು ಅದನ್ನು ಬಳಸಿ ಹುಡುಕಬಹುದಿತ್ತು. ಕೋಡ್ ಮುಚ್ಚಿಟ್ಟ ಕಂಪನಿಯಲ್ಲಿ ಹೀಗೆ ಆಗಿದ್ದರೆ ನಮಗೆ ಸಿಗುತ್ತಿದ್ದದ್ದು ‘ಸಣ್ಣಪುಟ್ಟ ದೋಷ ಸರಿಪಡಿಸಲಾಗಿದೆ’ ಎಂಬ ಒಂದು ಸಾಲು ಮಾತ್ರ.

‘ಮೇಲ್ ಹೋಗ್ತಿದೆ, ಅಪ್‌ಡೇಟ್ ಬೇಡ’ ಎನ್ನುವವರಿಗೆ ಉತ್ತರ ಮೇಲೆಲ್ಲ ಇದೆ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಅಪ್‌ಡೇಟ್, ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಅಪ್‌ಡೇಟ್, ಎರಡನ್ನೂ ನೋಡಿ. ಲೈಬ್ರರಿಯ ರಿಪೇರಿ ಕೆಲವು ಸಲ ಆ್ಯಪ್ ಜೊತೆ ಬರುತ್ತದೆ, ಕೆಲವು ಸಲ ಫೋನಿನ ಸಿಸ್ಟಮ್ ಜೊತೆ.

ಬಹುಪಾಲು ಓದುಗರಿಗೆ ಇಷ್ಟು ಸಾಕು. ಪಿಜಿಪಿ ಬಳಸುವ ಕೆಲವರಿಗೆ ಇನ್ನೊಂದು ಕೆಲಸ ಉಂಟು. ಪತ್ರಕರ್ತರು, ವಕೀಲರು ಮುಂತಾದವರಲ್ಲಿ ಅಂಥವರು ಇದ್ದಾರೆ. ನಿಮ್ಮ ಕೀಲಿಯ ವಿವರ ತೆರೆದು ಅದು ಹುಟ್ಟಿದ ದಿನಾಂಕ ನೋಡಿ. ಆಂಡ್ರಾಯ್ಡ್ 4.3 ಅಥವಾ ಅದಕ್ಕಿಂತ ಹಳೆಯ ಫೋನಿನಲ್ಲಿ, 2013ರ ಆಗಸ್ಟ್‌ಗೆ ಮುಂಚೆ ಮಾಡಿದ ಕೀಲಿಯಾಗಿದ್ದರೆ ಈಗಿನ ಫೋನಿನಲ್ಲೋ ಕಂಪ್ಯೂಟರ್‌ನಲ್ಲೋ ಹೊಸದೊಂದು ಮಾಡಿ, ಹಳೆಯದನ್ನು ರದ್ದುಗೊಳಿಸಿ, ನಿಮಗೆ ಬರೆಯುವವರಿಗೆ ಹೊಸ ಕೀಲಿ ಕಳುಹಿಸಿ. ಸ್ವಂತ ಡೊಮೇನ್‌ನಲ್ಲಿ ಮೇಲ್ ನಡೆಸುವ ಸಣ್ಣ ಕಂಪನಿ, ಶಾಲೆ, ಪತ್ರಿಕೆಯವರು ತಮ್ಮ ಡಿಕಿಮ್ ಕೀಲಿ ಯಾವ ವರ್ಷದ್ದು ಎಂದು ಅದನ್ನು ನೋಡಿಕೊಳ್ಳುವವರನ್ನು ಕೇಳಬಹುದು. ಬಾಕ್ ಅವರೇ ಬರೆದ ‘ಬ್ಯಾಡ್‌ಕೀಸ್’ ಎಂಬ ಓಪನ್ ಸೋರ್ಸ್ ಸಾಧನ ಇಂಥ ಒಡೆದ ಕೀಲಿಗಳನ್ನು ಗುರುತಿಸುತ್ತದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ.